ಡೀಬಗ್ ಮುಚ್ಚಲು ಕಲಿಸಿದವರು

ನಮ್ಮ ಟೀಮ್ ಲೀಡ್ ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಆ ಉಗುರಿನಿಂದಲೇ ನನ್ನ ಪರದೆಯನ್ನು ಟಕಟಕ ಕುಟ್ಟಿ ತಪ್ಪಾದ ಸಾಲು ತೋರಿಸುತ್ತಿದ್ದರು. ಮಲೇಷ್ಯಾದ ಪೆಟಾಲಿಂಗ್ ಜಯಾ ಊರಿನ ಆ ಆಫೀಸಿನ ಮಾನಿಟರಿನ ಮೇಲೆ ಅದರ ಗೀರು ಇನ್ನೂ ಇರಬಹುದು.

ಅವರು ಧಾರವಾಡದ ಕಡೆಯವರು, ನಾನು ಮೈಸೂರಿನವಳು. "ಎಷ್ಟ್ ಮೆತ್ತಗ ಮಾತಾಡ್ತೀ ಮಾರಾಯ್ತಿ, ಕಂಪ್ಯೂಟರಿಗೂ ಕೇಳಸಂಗಿಲ್ಲ" ಎಂದು ರೇಗಿಸುವರು. ಮಧ್ಯಾಹ್ನ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಲ್ಲಿ ಕೂತು, ಅಲ್ಲಿಯ ರೊಟ್ಟಿಗೆ ಮನೆಯಿಂದ ತಂದ ಶೇಂಗಾ ಚಟ್ನಿಪುಡಿ ಬಡಿಸುವರು. ಪರದೇಶದಲ್ಲಿ ಅಪ್ಪನ ಜಾಗದಲ್ಲಿ ಒಬ್ಬರು ಸಿಕ್ಕರು ಅಂದುಕೊಂಡಿದ್ದೆ.

ಅವರ ಮೊದಲ ಪಾಠ, ವೆಬ್‌ಸೈಟಿನ ಸೆಟ್ಟಿಂಗುಗಳನ್ನು ಬರೆದಿಡುವ ಕಾನ್ಫಿಗ್ ಫೈಲಿನಲ್ಲಿರುವ ಡೀಬಗ್ ಎಂಬ ಸಾಲು. ದೋಷ ಹುಡುಕುವಾಗ ಅದು ಆನ್ ಇರಬೇಕು, ಜನರ ಕೈಗೆ ಕೊಡುವ ಮೊದಲು ಆಫ್ ಆಗಬೇಕು. ಮರೆತರೆ ಸೈಟು ನಿಧಾನವಾಗುತ್ತದೆ, ಎಡವಿದಾಗಲೆಲ್ಲ ಒಳಗಿನದನ್ನೆಲ್ಲ ಕಂಡವರೆದುರು ಹರವಿಬಿಡುತ್ತದೆ. "ಮನಿಯಾಗ ಬನೀನ್ ಮ್ಯಾಲೆ ಇರು, ಹೊರಗ ಹೊಂಟಾಗ ಅಂಗಿ ಹಾಕ್ಕೋ" ಅನ್ನುವರು. ಎರಡನೆಯ ಪಾಠ, ಫೈಲು ಮುಟ್ಟುವ ಮೊದಲು ಅದರದೊಂದು ಕಾಪಿ. ಬದಲಿಸಿದ ಸಾಲಿನ ಮೇಲೆ ನಮ್ಮ ಹೆಸರಿನ ಮೊದಲಕ್ಷರಗಳು. "ನಿನ್ನ ನೆನಪು ನಂಬಬ್ಯಾಡ, ನನ್ನೂ ನಂಬಬ್ಯಾಡ. ಕಾಪಿ ಇಟ್ಕೋ."

ಕೊರೊನಾ ಬಂತು. ಎಲ್ಲರೂ ಮನೆಯಿಂದಲೇ ಕೆಲಸ. ನಾನು ಪಕ್ಕದೂರು ಸುಬಾಂಗ್ ಜಯಾದ ಫ್ಲ್ಯಾಟಿನಲ್ಲಿ. ನಾವು ನೋಡಿಕೊಳ್ಳುತ್ತಿದ್ದುದು ಕ್ಲಿನಿಕ್ಕುಗಳ ಅಪಾಯಿಂಟ್‌ಮೆಂಟ್ ಸೈಟು. ಜನ ಮುಗಿಬಿದ್ದು ಅದು ಪದೇಪದೇ ಕುಸಿಯುತ್ತಿತ್ತು. ಒಂದು ಮಧ್ಯಾಹ್ನ ಬೇರೊಂದು ಬದಲಾವಣೆಯನ್ನು ಸೈಟಿಗೆ ಏರಿಸಲು ಅವರೇ ಹೇಳಿದರು. ಕಾಪಿ ತೆಗೆದು ನೋಡಿದರೆ ಜನ ಬಳಸುತ್ತಿರುವ ಲೈವ್ ಫೈಲಿನಲ್ಲೇ ಡೀಬಗ್ ಆನ್, ಮೇಲೆ ಅವರದೇ ಅಕ್ಷರಗಳು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ನಗುತ್ತಲೇ ಫೋನು ಮಾಡಿದೆ.

"ಸರ್, ಲೈವ್‌ನಲ್ಲಿ ಡೀಬಗ್ ಆನ್ ಇದೆಯಲ್ಲ?"

"ಇರ್ಲಿ, ಇನ್ನೂ ನೋಡಾಕತ್ತೀನಿ. ಸಂಜೀಕ ನಾನ ಬಂದ್ ಮಾಡ್ತೀನಿ."

ಹಾಗೇ ಏರಿಸಿದೆ. ಅವರು ಸಂಜೆಗೆ ಮರೆತರು. ಮರುದಿನ ಸೈಟು ಎಡವಿದಾಗ ಯಾರೋ ರೋಗಿಯೊಬ್ಬರ ಮೊಬೈಲಿನಲ್ಲಿ ನಮ್ಮ ಡೇಟಾಬೇಸಿನ ಪಾಸ್‌ವರ್ಡು ಕಾಣಿಸಿತು. ಆ ರೋಗಿ ಅದರ ಫೋಟೊವನ್ನು ಊರಿಗೆಲ್ಲ ಹಂಚಿದರು.

ತುರ್ತು ಮೀಟಿಂಗಿಗೆ ಸರ್ ಮೊದಲ ಬಾರಿ ಕ್ಯಾಮೆರಾ ಆಫ್ ಮಾಡಿ ಬಂದರು. "ಸೋ ಹೂ ಆನ್ ದಿಸ್ ಥಿಂಗ್ ಆಹ್?" ಮ್ಯಾನೇಜರ್ ಅಲ್ಲಿಯ ಇಂಗ್ಲಿಷಿನಲ್ಲಿ ಕೇಳಿದರು. ಸರ್ ಹೇಳುತ್ತಾರಲ್ಲ ಎಂಬ ಧೈರ್ಯ ನನಗೆ.

"ಲಾಸ್ಟ್ ಅಪ್‌ಲೋಡ್ ಈಸ್ ಹರ್ಸ್," ಅಂದರು ಸರ್.

ಆ ತಿಂಗಳೇ ನನ್ನ ಕೆಲಸದ ಪಾಸ್ ನವೀಕರಣವಾಗಬೇಕಿತ್ತು. ಕೆಲಸ ಹೋದರೆ ಪಾಸೂ ಇಲ್ಲ, ಈ ದೇಶವೂ ಇಲ್ಲ. ಲೈವ್ ಫೈಲು ತೆಗೆದು ನೋಡಿದೆ. ಡೀಬಗ್ ಆಫ್ ಆಗಿತ್ತು. ಮೇಲಿದ್ದ ಅವರ ಅಕ್ಷರಗಳನ್ನು ಅಳಿಸಲಾಗಿತ್ತು. ಮರೆತದ್ದನ್ನು ಕ್ಷಮಿಸುತ್ತಿದ್ದೆ, ಅಳಿಸಿದ್ದನ್ನು ಹೇಗೆ ಕ್ಷಮಿಸಲಿ?

ಫೋನು ಮಾಡಿ "ಯಾಕೆ ಸರ್?" ಎಂದೆ.

"ನಿಂದಿನ್ನೂ ಸಣ್ಣ ವಯಸ್ಸು, ಬ್ಯಾರೆ ಕಡೆ ಸಿಗತೈತಿ. ನಂಗ ಐವತ್ತಾತು. ಯಾರ್ ತಗೋತಾರ?"

ನಾನು ತೆಗೆದಿಟ್ಟ ಕಾಪಿಯನ್ನು ಮ್ಯಾನೇಜರಿಗೆ ಕಳಿಸಿದೆ. ನಾನು ಉಳಿದೆ. ಕೆಲಸ ಕಳೆದುಕೊಂಡ ಅವರು ಹೆಂಡತಿಯೊಡನೆ, ಸಿಕ್ಕ ವಿಮಾನ ಹತ್ತಿ ಊರಿಗೆ ಹೋದರು. ಮುಂದಿನ ಅಲೆಯಲ್ಲಿ ಕೊರೊನಾ ಅವರನ್ನು ಕೊಂಡೊಯ್ದಿತು.

ಎಷ್ಟೋ ದಿನ ಹಿಂಜರಿದು ಅವರ ಹೆಂಡತಿಗೆ ಫೋನು ಮಾಡಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. "ನಿನ್ನ ಸುದ್ದಿ ತಗೀತಿದ್ರವ್ವಾ. ನಾ ಕಲಿಸಿದ್ದನ್ನ ಸರಿಯಾಗಿ ಕಲಿತಾಕಿ ಅಕಿ ಒಬ್ಬಾಕೀನ ಅಂತಿದ್ರು" ಅಂದರು.

ನನಗೆ ಅಳು ಬರಲಿಲ್ಲ, ಸಿಟ್ಟೇ ಬಂತು. ಅದೇ ಮಾತನ್ನು ಆ ಮೀಟಿಂಗಿನಲ್ಲಿ ಹೇಳಬಹುದಿತ್ತಲ್ಲ! ಇಂದಿಗೂ ಫೈಲು ಮುಟ್ಟುವ ಮೊದಲು ಕಾಪಿ ತೆಗೆಯುತ್ತೇನೆ, ಸಾಲಿನ ಮೇಲೆ ನನ್ನ ಅಕ್ಷರ ಬರೆಯುತ್ತೇನೆ. ಅವರ ಅಕ್ಷರಗಳಿರುವ ಆ ಹಳೆಯ ಕಾಪಿ ನನ್ನ ಹತ್ತಿರ ಇನ್ನೂ ಇದೆ. ಅದನ್ನು ಅಳಿಸಲು ನನಗೆ ಆಗಿಲ್ಲ.