ಬಾಗಿದ ಗೇರ್ ರಾಡು

ಮೊಣಕೈವರೆಗೆ ಕಪ್ಪು ಗ್ರೀಸು, ಅಲ್ಲಿಂದ ಮೇಲೆ ಆಗಷ್ಟೇ ಇಸ್ತ್ರಿ ಹಾಕಿದಂಥ ಬಿಳಿ ಅಂಗಿ. ಫಿಟ್ಟರಣ್ಣ ಅಂದರೆ ನನಗೆ ಮೊದಲು ನೆನಪಾಗುವುದು ಈ ಎರಡು ಬಣ್ಣ. ಕಾರಿನಡಿಗೆ ನುಸುಳಿ ಹೊರಬಂದರೂ ಅಂಗಿಗೆ ಒಂದು ಚುಕ್ಕೆ ಹತ್ತುತ್ತಿರಲಿಲ್ಲ. ನಾನೋ, ಅಡುಗೆಮನೆಯಿಂದ ಹೊರಗೆ ಬಂದರೆ ಮೈತುಂಬ ಹಿಟ್ಟು. ಇವರಿಗೆ ಅದು ಹೇಗೆ ಸಾಧ್ಯವಾಗುತ್ತಿತ್ತೋ, ದೇವರೇ ಬಲ್ಲ.

ಕೋಡಿಯಲ್ಲಿ ಮೀನುಗಾರಿಕೆ ಬೋಟುಗಳ ಇಂಜಿನ್ ರಿಪೇರಿ ಅವರ ಕಸುಬು. ಹಳೇ ಕಾರು ಅವರ ಹುಚ್ಚು. ಆ ಹುಚ್ಚಿಗೆ ಮಳೆಗಾಲದಲ್ಲಿ ಮಾತ್ರ ಅಪ್ಪಣೆ. ಬೋಟುಗಳೆಲ್ಲ ದಡ ಹತ್ತಿದ ಮೇಲೆಯೇ ಕಾರಿಗೆ ಕೈ ಹಾಕುವುದು. ನನ್ನ ಗ್ರಹಚಾರ, ಅಪ್ಪ ಬಿಟ್ಟುಹೋದ ಅಂಬಾಸಿಡರಿನ ಸೆಕೆಂಡ್ ಗೇರು ಕೈಕೊಟ್ಟದ್ದು ಬೇಸಿಗೆಯಲ್ಲಿ. ಹಾಕಿದರೆ ನಿಲ್ಲದೆ ತಾನಾಗಿ ಜಾರಿ ಬರುತ್ತಿತ್ತು.

ತ್ರಾಸಿಯ ನಮ್ಮ ಮನೆಯಿಂದ ಬೈಂದೂರಿನವರೆಗೆ ಹೋಟೆಲುಗಳಿಗೆ ಕೊಟ್ಟೆ ಕಡುಬು ಮುಟ್ಟಿಸಿ ಬದುಕುವವಳು ನಾನು. ಕಾರು ನಿಂತರೆ ಒಲೆಯೂ ನಿಂತಂತೆ. ನನ್ನ ಸ್ವಂತ ಅಣ್ಣ ಅದಕ್ಕೇ ಕಾದು ಕೂತಿದ್ದ. "ಗುಜ್ರಿಗೆ ಕೊಡ್. ಆ ಕೈಯಗೆ ನಿಂಗೆ ಕಾರ್ ಎಂತಕ್ಕೆ?" ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಮುರಿದಿದ್ದ ನನ್ನ ಎಡ ಮಣಿಕಟ್ಟು ನೆಟ್ಟಗೆ ಕೂಡಿರಲಿಲ್ಲ. ಪೂರ್ತಿ ಸರಿಯಾಯಿತೆಂದು ಎಲ್ಲರಿಗೂ ಸುಳ್ಳು ಹೇಳಿಕೊಂಡು ತಿರುಗುತ್ತಿದ್ದೆ; ಅಣ್ಣನೊಬ್ಬ ನಂಬಿರಲಿಲ್ಲ.

"ಈಗ ಆತಿಲ್ಲೆ ತಂಗಿ. ಬೋಟ್ ದಡಕ್ಕ್ ಬರ್ಲಿ, ಆಮೇಲ್ ಕಾಂಬ" ಎಂದರು ಫಿಟ್ಟರಣ್ಣ.

"ಅಲ್ಲಿವರಿಗೆ ನಾ ಎಂತ ಮಾಡೂದ್?"

"ಸೆಕೆಂಡ್ ಇಲ್ದೆ ಓಡ್ಸುಕೆ ಕಲಿ. ಹತ್ತ್, ನಾನೂ ಬತ್ತೆ."

ಪಕ್ಕದಲ್ಲಿ ಕೂತು ಕಿರಿಮಂಜೇಶ್ವರದವರೆಗೆ ಕಲಿಸಿದರು. ಫಸ್ಟಿನಲ್ಲಿ ಓಟ ಹಿಡಿಸಿ ಸೀದಾ ಥರ್ಡಿಗೆ ಹಾಕುವುದು. ಕಾರು ಕುಲುಕಿ, ಕೆಮ್ಮಿ, ಎರಡು ಸಲ ನಡುರಸ್ತೆಯಲ್ಲೇ ನಿಂತಿತು. "ಅಡ್ಡಿಲ್ಲ, ಹೋಪ" ಅನ್ನುವರು. ಆದರೆ ಅವರ ಕಣ್ಣು ರಸ್ತೆಯ ಮೇಲಿರಲಿಲ್ಲ, ನನ್ನ ಎಡಗೈ ಮೇಲಿತ್ತು. ರಾಡನ್ನು ಎಳೆದು ಮುಂದಕ್ಕೆ ತಳ್ಳುವಾಗ ನಾನು ತುಟಿ ಕಚ್ಚಿಕೊಳ್ಳುವುದನ್ನು ಕಂಡರು. ಇಳಿಯುವಾಗ, ಹಲಸಿನೆಲೆಯ ಕೊಟ್ಟೆ ಹೆಣೆಯಲು ನಾನು ಇಟ್ಟುಕೊಂಡಿದ್ದ ತೆಂಗಿನ ಕಡ್ಡಿಯೊಂದನ್ನು ನನ್ನ ಕೈಗೂ ರಾಡಿಗೂ ನಡುವೆ ಹಿಡಿದು, ಅಷ್ಟಳತೆಗೆ ಮುರಿದು, ಜೇಬಿಗೆ ಹಾಕಿಕೊಂಡರು.

ಗೇರಿನ ಚಕ್ರಕ್ಕಾಗಿ ಬ್ರಹ್ಮಾವರದ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿದರು, ಸಿಗಲಿಲ್ಲ. ಕೊನೆಗೆ ಮುಂಬೈ ಬಸ್ಸಿನ ಡ್ರೈವರನ ಕೈಯಲ್ಲಿ, ಹರಿದ ಬನಿಯನ್ನಿನಲ್ಲಿ ಸುತ್ತಿಕೊಂಡು ಒಂದು ಬಂತು. ಅದೂ ಬೇರೆ ಮಾಡೆಲಿನದು. ಹಲ್ಲು ಹೊಂದಿತು, ನಡುವಿನ ತೂತು ದೊಡ್ಡದಾಯಿತು. ಮಳೆ ಹಿಡಿದು ಬೋಟುಗಳು ದಡ ಹತ್ತಿದ ಮೇಲೆ, ಬೋಟಿನ ಹಳೇ ಕಂಚಿನ ಬುಶ್ಶನ್ನು, ಬಳೆಯಂಥದ್ದನ್ನು, ಲೇತಿನಲ್ಲಿ ಕಡೆದು ಆ ತೂತಿಗೆ ಕೂರಿಸಿದರು. "ಸಮುದ್ರ ಕಂಡ ಕಂಚ್ ಇದ್. ನಿನ್ ಕಡ್ಬಿನ್ ಭಾರ ಎಂತ ಲೆಕ್ಕ" ಎಂದು ನಕ್ಕರು.

ಕಾರು ತರಲು ಅಣ್ಣನೂ ಬಂದಿದ್ದ. ನೋಡಿದರೆ ಗೇರ್ ರಾಡು ಮೊದಲಿಗಿಂತ ಉದ್ದವಾಗಿ, ಡ್ರೈವರ್ ಸೀಟಿನ ಕಡೆಗೆ ಬಾಗಿ ನಿಂತಿತ್ತು.

"ಇದೆಂತ, ಸೊಟ್ಟ ಮಾಡಿಟ್ರಿ?" ಅಣ್ಣ ಕೇಳಿದ.

"ಹೊಸ ಗೇರ್ ಗಟ್ಟಿ ಇತ್ತ್ ಹ್ವಾಯ್. ರಾಡ್ ಬಗ್ಸದೆ ಇದ್ರೆ ನಿಮ್ಗೂ ಹಾಕುಕೆ ಆತಿಲ್ಲೆ" ಎಂದರು ಫಿಟ್ಟರಣ್ಣ, ಮುಖ ಗಂಭೀರ ಮಾಡಿಕೊಂಡು.

ನಾನು ಕೂತು ಕೈ ಇಟ್ಟೆ. ಮಣಿಕಟ್ಟು ತಿರುಗಿಸಬೇಕಾಗಿಯೇ ಬರಲಿಲ್ಲ. ಸೆಕೆಂಡ್ ಬೆಣ್ಣೆಯ ಹಾಗೆ ಬಿತ್ತು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ನನ್ನ ಕಣ್ಣು ತುಂಬಿ ಬಂತು. ಅವರು ಆಗಲೇ ಅತ್ತ ತಿರುಗಿ, ತೆಂಗಿನೆಣ್ಣೆ ಹಚ್ಚಿ ಕೈಯ ಗ್ರೀಸು ಉಜ್ಜಿಕೊಳ್ಳುತ್ತಿದ್ದರು. ಅಣ್ಣ ಮತ್ತೆಂದೂ ಗುಜರಿಯ ಮಾತೆತ್ತಲಿಲ್ಲ.

ಹೋದ ವರ್ಷ ಮಳೆ ಶುರುವಾಗುವ ಮುನ್ನ ಫಿಟ್ಟರಣ್ಣ ತೀರಿಕೊಂಡರು. ಬಿಳಿ ಅಂಗಿ ತೊಡಿಸಿಯೇ ಮಲಗಿಸಿದ್ದರು. ಕೈಗಳನ್ನು ಯಾರೋ ಚೆನ್ನಾಗಿ ತೊಳೆದುಬಿಟ್ಟಿದ್ದರು; ಅವು ಅವರ ಕೈಗಳೆಂದು ನನಗೆ ಗುರುತೇ ಸಿಗಲಿಲ್ಲ.

ಮೊನ್ನೆ ಕ್ಲಚ್ ಪ್ಲೇಟ್ ಹಾಕಿಸಲು ಕುಂದಾಪುರದ ಗ್ಯಾರೇಜಿಗೆ ಹೋಗಿದ್ದೆ. "ಅಕ್ಕ, ರಾಡ್ ಸೊಟ್ಟ ಇತ್ತಲ್ದಾ, ನೆಟ್ಟಗ್ ಮಾಡಿ ಕೊಡ್ಕಾ?" ಎಂದ ಅಲ್ಲಿಯ ಮೆಕ್ಯಾನಿಕ್.

"ಬೇಡ ಮಾರಾಯ. ನನ್ ಕೈ ಸೊಟ್ಟ ಇತ್ತ್" ಎಂದೆ.

ಹಾಗೆಂದು ಬಾಯಿಬಿಟ್ಟು ಒಬ್ಬರಿಗೆ ಹೇಳಿದ್ದು ಅದೇ ಮೊದಲು. ಫಿಟ್ಟರಣ್ಣನಿಗೂ ಹೇಳಿರಲಿಲ್ಲ.