ಚಾಲೂ ಇದ್ದ ಮಷಿನಿಗೆ ತಿಥಿ

ಡೇಟಾ ಬರೆಯುತ್ತಿದ್ದಾಗಲೇ ವೈರು ಕಿತ್ತೆ. ಸ್ಕ್ರೀನ್ ಕಪ್ಪಾಯಿತು. ಹಿಂದೆ ನಿಂತಿದ್ದ ಮಾಸ್ತರರು, "ಹೂಂ, ಈಗ ಎಬ್ಬಸು" ಎಂದರು.

ಬೀದರಿನ ಕಂಪ್ಯೂಟರ್ ಕ್ಲಾಸು ಅದು. ಡೇಟಾಬೇಸ್ ನೋಡಿಕೊಳ್ಳುವ ಕೆಲಸ ಕಲಿಯುತ್ತಿದ್ದೆ. ನಾನು ಹತ್ತನೇ ಫೇಲು. ಪುಸ್ತಕ ತಲೆಗೆ ಹತ್ತುವುದಿಲ್ಲ, ಕೆಡಿಸಿ ನೋಡಿದರೆ ಹತ್ತುತ್ತದೆ. ಮಾಸ್ತರರು ಒಂದು ಹಳೇ ಕಂಪ್ಯೂಟರ್ ನನಗೇ ಬಿಟ್ಟಿದ್ದರು. ಸುಳ್ಳು ಹೆಸರು ತುಂಬುತ್ತಿದ್ದೆ, ಬೇಕಂತಲೇ ಅಳಿಸುತ್ತಿದ್ದೆ, ಬ್ಯಾಕಪ್‌ನಿಂದ ತಿರುಗಿ ತರುತ್ತಿದ್ದೆ. ಬರದಿದ್ದರೆ ಯಾಕೆಂದು ಹುಡುಕುತ್ತಿದ್ದೆ. ಬ್ಯಾಕಪ್ ತೆಗೆದಿಟ್ಟರೆ ಸಾಲದು, ಅದರಿಂದ ಎಬ್ಬಿಸಿ ನೋಡಬೇಕು ಎನ್ನುವುದು ಅಲ್ಲಿ ಕಲಿತದ್ದು.

ಅದರ ಮೇಲೆಯೇ ಒಂದು ರಕ್ತ ತಪಾಸಣೆ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಬೀದರಿನಲ್ಲಿ ದೊಡ್ಡದು, ಭಾಲ್ಕಿ ಮತ್ತು ಔರಾದದಲ್ಲಿ ಸಣ್ಣವು. ಕೆಲಸ ಸರಿ ಇದ್ದರೆ ಕಾಯಂ ಮಾಡುತ್ತೇವೆ ಎಂದಿದ್ದರು ಮಾಲೀಕರು. ನನಗೆ ಅದೊಂದೇ ಬೇಕಿತ್ತು. ಇಲ್ಲದಿದ್ದರೆ ಮತ್ತೆ ಅಪ್ಪನ ಕುರಿಗಳ ಹಿಂದೆ.

ಔರಾದದ ನೆಟ್ಟು ನಂಬುವ ಹಾಗಿರಲಿಲ್ಲ. ಅಲ್ಲಿ ರೋಗಿಗಳ ಹೆಸರು ಬರೆದುಕೊಳ್ಳುವ ಕಾಕಾ ದಿನಾ ಸಂಜೆ ಬ್ಯಾಕಪ್ಪನ್ನು ಪೆನ್‌ಡ್ರೈವಿಗೆ ಹಾಕಿ ಬೀದರ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದರು. ನಾನು ಸ್ಟ್ಯಾಂಡಿಗೆ ಹೋಗಿ ಇಸಿದುಕೊಂಡು ಬಂದು ಮಾಲೀಕರಿಗೆ ಒಪ್ಪಿಸುತ್ತಿದ್ದೆ. ಅವರು ಕಪಾಟಿನಲ್ಲಿಟ್ಟು ಕೀಲಿ ಹಾಕುತ್ತಿದ್ದರು. ಮಂದಿಯ ರೋಗದ ಗುಟ್ಟು ಅದು, ತೆರೆದರೆ ಕೆಲಸ ಹೋದಂತೆ ಎಂದಿದ್ದರು.

ಒಂದು ಪೆನ್‌ಡ್ರೈವ್ ಕೊಡಿ, ಔರಾದದ ಮಷಿನ್ ಸತ್ತಿದೆ ಎಂದುಕೊಂಡು ಬೇರೆ ಕಂಪ್ಯೂಟರಿನಲ್ಲಿ ಎಬ್ಬಿಸಿ ನೋಡುತ್ತೇನೆ ಎಂದು ಕೇಳಿದೆ. ಅವರ ಮುಖ ಬಿಗಿಯಿತು.

"ಛಲೋ ನಡದದ, ಸತ್ತದ ಅಂತಿ. ಬದುಕಿದ್ದವರ ತಿಥಿ ಯಾರರ ಮಾಡ್ತಾರೇನೋ?"

"ಸಾಯೋ ಮೊದಲೇ ನೋಡ್ಬೇಕ್ರಿ ಸಾಹೇಬ್ರ."

"ನಿನ್ನ ಬಾಯಾಗ ಒಳ್ಳೇದು ಬರಲ್ಲೇನು?"

ಸುತ್ತ ಇದ್ದವರು ನಕ್ಕರು. ಅವತ್ತಿನಿಂದ ನಾನು ಒಳಗೆ ಬಂದರೆ ಸಾಕು, ತಿಥಿ ಭಟ್ಟ ಬಂದ, ಎಲಿ ಹಾಕ್ರಿ ಎನ್ನುತ್ತಿದ್ದರು. ಮತ್ತೊಮ್ಮೆ ಕೇಳಿದೆ. ಮತ್ತೆ ಬೈಸಿಕೊಂಡೆ.

ಮಳೆಗಾಲದಲ್ಲಿ ಸಿಡಿಲು ಬಡಿದು ಔರಾದದ ಕಂಪ್ಯೂಟರ್ ಸುಟ್ಟಿತು. ಮಾಲೀಕರು ಕಪಾಟಿನಲ್ಲಿದ್ದ ಪೆನ್‌ಡ್ರೈವುಗಳನ್ನೆಲ್ಲ ಕೊಟ್ಟು ಕಳಿಸಿದರು. ಭಾಲ್ಕಿಗೆ ಹೋಗಿ ಅಲ್ಲಿ ಬಿಡುವಿದ್ದ ಕಂಪ್ಯೂಟರ್ ಹೊತ್ತುಕೊಂಡು ಔರಾದದ ಬಸ್ಸು ಹತ್ತಿದೆ.

ಮೊದಲ ಪೆನ್‌ಡ್ರೈವ್ ಹಾಕಿದೆ. ಬ್ಯಾಕಪ್ ಎಂಬ ಹೆಸರಿತ್ತು, ತೆರೆಯಲಿಲ್ಲ. ಉಳಿದವೂ ಹಾಗೇ. ದಿನಾ ಹ್ಯಾಗೆ ಹಾಕುತ್ತಿದ್ದಿರಿ ಎಂದು ಕಾಕಾನನ್ನು ಕೇಳಿದೆ. ಸ್ಕ್ರೀನಿನ ಮೇಲಿನ ಸಣ್ಣ ಚಿತ್ರವನ್ನು ಎತ್ತಿ ಪೆನ್‌ಡ್ರೈವಿನಲ್ಲಿ ಇಡುತ್ತಿದ್ದೆ ಎಂದು ಕೈಯಲ್ಲೇ ತೋರಿಸಿದರು. ಅದು ಶಾರ್ಟ್‌ಕಟ್. ಬ್ಯಾಕಪ್ ಎಲ್ಲಿದೆ ಎಂದು ತೋರಿಸುತ್ತದೆ, ಅಷ್ಟೇ. ನಿಜವಾದ ಬ್ಯಾಕಪ್ ಆ ಕಂಪ್ಯೂಟರಿನಲ್ಲೇ ಉಳಿದು ಅದರ ಜೊತೆಗೇ ಸುಟ್ಟಿತ್ತು. ಕಂಡಕ್ಟರ್ ಇಷ್ಟು ದಿನ ಬರೀ ವಿಳಾಸ ಹೊತ್ತು ತಂದಿದ್ದ.

"ಅದರ ಕೆಳಗ ಬ್ಯಾಕಪ್ ಅಂತೇ ಬರದಿತ್ತಲ್ಲಪಾ" ಎಂದರು ಕಾಕಾ.

ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಯಾರೂ ಕಲಿಸಿರಲಿಲ್ಲ. ಅಷ್ಟರಲ್ಲಿ ಡಾಬಕಾ ಹಳ್ಳಿಯ ಹೆಂಗಸೊಬ್ಬಳು ಗಂಡನ ಹಳೇ ಸಕ್ಕರೆ ರಿಪೋರ್ಟು ಕೇಳಿಕೊಂಡು ಬಂದಳು. ಡಾಕ್ಟರು ಹಿಂದಿನದನ್ನು ನೋಡಬೇಕಂತೆ. ಕಾಕಾ ನಾಳೆ ಬಾ ಎಂದರು. ನಾಳೆಯೂ ಇರುವುದಿಲ್ಲ ಎಂದು ನಾನೇ ಹೇಳಿದೆ.

ಮಾಲೀಕರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಸಾಯ್ತದ, ಸಾಯ್ತದ ಅಂತಿದ್ದಿ, ಸತ್ತದ ನೋಡು. ಕರಿ ನಾಲಿಗಿ ನಿಂದು. ನಾಳಿಂದ ಬರಬ್ಯಾಡ."

ಒಂದೇ ಒಂದು ಪೆನ್‌ಡ್ರೈವ್ ಕೊಟ್ಟಿದ್ದರೆ ಅವತ್ತೇ ಈ ತಪ್ಪು ಸಿಕ್ಕಿಬೀಳುತ್ತಿತ್ತು ಎಂದೆ. ಅಷ್ಟರಲ್ಲಿ ಫೋನ್ ಇಟ್ಟಿದ್ದರು.

ಕಾಯಂ ಆಗಲಿಲ್ಲ. ಮುಗಿಯಿತು. ಇದಕ್ಕೆ ಸೇರಿಸಲು ನನ್ನ ಬಳಿ ಏನೂ ಇಲ್ಲ.