ಮಿಲಿಟರಿ ತಾತ ತಿದ್ದಿಸಿದ ಸಾಲು

ಹೋದ ತಿಂಗಳು ಅರಸೀಕೆರೆ ಬಸ್ ಸ್ಟ್ಯಾಂಡ್ ಹಿಂದಿನ ಮಿಲ್ಲಿನಲ್ಲಿ ರಾಗಿ ಬೀಸಿಸಿಕೊಂಡು ಚೀಲವನ್ನು ಎದೆಗೆ ಅವುಚಿ ಹಿಡಿದು ಬರುತ್ತಿದ್ದೆ. ಹಿಟ್ಟಿನ ಬಿಸಿ ಸೀರೆ ದಾಟಿ ಮೈಗೆ ತಾಗಿತು. ಜೊತೆಗೆ ಆ ವಾಸನೆ, ಕೊಂಚ ಸುಟ್ಟಂತೆ, ಕೊಂಚ ಸಿಹಿಯಾಗಿ... ಆಟೋ ಕರೆಯುವುದನ್ನೂ ಮರೆತು ರಸ್ತೆಯ ಪಕ್ಕ ನಿಂತುಬಿಟ್ಟೆ. ಮಿಲಿಟರಿ ತಾತ ನೆನಪಾಗಿದ್ದರು.

ಹಳೇಬೀಡಿನಿಂದ ಬಸ್ತಿಹಳ್ಳಿ ದಾಟಿ ಮೂರು ಮೈಲಿ ನಡೆದರೆ ಒಂದು ಕಾಲೋನಿ. ತೊಂಬತ್ತರ ದಶಕದ ನಡುವಿನಲ್ಲಿ ಅಲ್ಲಿನ ಪ್ರೈಮರಿ ಶಾಲೆಗೆ ಟೀಚರಾಗಿ ಹೋದೆ. ಮೊದಲ ಕೆಲಸ, ಮೊದಲ ಸಂಬಳ, ಅದರ ಮೇಲೆ ಎಲ್ಲ ನನಗೇ ಗೊತ್ತು ಎನ್ನುವ ಜಂಭ. ನನ್ನ ದುಂಡಗಿನ ಅಕ್ಷರದ ಬಗ್ಗೆಯಂತೂ ಕೇಳುವುದೇ ಬೇಡ. ಶಾಲೆಯಲ್ಲಿ ಏನು ಬರೆಯುವುದಿದ್ದರೂ ನಾನೇ ಮುಂದೆ ಬೀಳುತ್ತಿದ್ದೆ.

ಆ ಕಾಲೋನಿ ಹುಟ್ಟಿದ್ದೇ ತಾತನಿಂದ; ಆ ಕತೆ ನಾನು ಕೇಳಿದ್ದು ಬಹಳ ದಿನದ ಮೇಲೆ. ಎರಡನೇ ಮಹಾಯುದ್ಧದಿಂದ ವಾಪಸು ಬಂದ ಸಿಪಾಯಿಗಳಿಗೆ ಸರ್ಕಾರ ಅಲ್ಲಿ ಜಮೀನು ಕೊಟ್ಟಿತಂತೆ. ಹೆಸರಿಗೆ ಜಮೀನು, ಇದ್ದದ್ದು ಬಂಡೆ, ಲಂಟಾನದ ಪೊದೆ, ಹಾವು. ಉಳಿದವರು ಒಂದೆರಡು ವರ್ಷ ನೋಡಿ ಗಂಟುಮೂಟೆ ಕಟ್ಟಿದರು. ಬೇರೆ ತಾಲ್ಲೂಕಿನಿಂದ ಬಂದಿದ್ದ ತಾತ ಮಾತ್ರ ಗುಡಿಸಲು ಹಾಕಿಕೊಂಡು ಒಬ್ಬರೇ ಉಳಿದರು. ಕಲ್ಲು ಕಿತ್ತು ಬದುವಿಗೆ ಪೇರಿಸಿದರು, ಬಾವಿ ತೋಡಿಸಿದರು. ಬಾವಿಯಲ್ಲಿ ನೀರು ಕಂಡ ಮೇಲೆ ಕೂಲಿಗೆ ಬಂದವರು ಅಲ್ಲೇ ಮನೆ ಕಟ್ಟಿಕೊಂಡರು. ಆಮೇಲೆ ಹಳೆಯದೊಂದು ಆಯಿಲ್ ಎಂಜಿನ್ ತಂದು ಹಿಟ್ಟಿನ ಮಿಲ್ಲು ಹಾಕಿದರು. ಸುತ್ತಿನ ನಾಲ್ಕು ಹಳ್ಳಿಗೆ ಅದೇ ಮೊದಲ ಮಿಲ್ಲು.

ನಾನು ನೋಡುವಾಗ ಎಂಜಿನ್ ಹೋಗಿ ಕರೆಂಟಿನ ಮೋಟಾರು ಬಂದಿತ್ತು. ತಾತನಿಗೆ ಎಪ್ಪತ್ತೈದು ದಾಟಿತ್ತು. ಹುಬ್ಬಿನ ಮೇಲೆಲ್ಲ ಹಿಟ್ಟು. ಗೌಡರ ಮನೆಯ ಡಬ್ಬವಾದರೂ ಸರಿ, ಕೂಲಿಯವಳ ಪುಟ್ಟಿಯಾದರೂ ಸರಿ, ಬಂದ ಸಾಲಿನಲ್ಲೇ ಕೂರಬೇಕು. ಮೆಣಸಿನಕಾಯಿ ಬೀಸಿದ ಮೇಲೆ ಮುಂದಿನವರ ಹಿಟ್ಟಿಗೆ ಖಾರ ಹತ್ತುವುದರಿಂದ ಆ ಸರದಿ ಯಾರಿಗೂ ಬೇಡ. ಹಾಗಾಗಿ ಖಾರದ ಹಿಂದೆ ತಾತ ತಮ್ಮ ಮನೆಯ ರಾಗಿಯನ್ನೇ ಸುರಿಯುತ್ತಿದ್ದರು. "ನಮ್ಮನೆ ಮುದ್ದೆಗೆ ಸಾರಿನ ಖರ್ಚಿಲ್ಲ ಕಣವ್ವ," ಎಂದು ನಗುತ್ತಿದ್ದರು.

ಸ್ವಾತಂತ್ರ್ಯ ಬಂದು ಐವತ್ತು ವರ್ಷವಾದಾಗ ನಮ್ಮ ಹೆಡ್‌ಮೇಷ್ಟ್ರಿಗೆ ಒಂದೇ ಚಿಂತೆ. "ಎಲ್ಲ ಶಾಲೆಯೋರೂ ಒಬ್ಬೊಬ್ಬ ಸ್ವಾತಂತ್ರ್ಯ ಹೋರಾಟಗಾರರನ್ನ ಸನ್ಮಾನಕ್ಕೆ ಗೊತ್ತು ಮಾಡ್ಕೊಂಡವ್ರೆ. ನಮಗೇ ಯಾರೂ ಇಲ್ಲವಲ್ರೀ ಮೇಡಂ," ಎಂದು ತಲೆ ಕೆರೆದುಕೊಂಡರು.

ಮಿಲ್ಲಿನ ಗೋಡೆಯ ಮೇಲೆ ಹಿಟ್ಟು ಮೆತ್ತಿಕೊಂಡ ಒಂದು ಫೋಟೋ ಇತ್ತು. ಖಾಕಿ ಬಟ್ಟೆಯ, ಕಡ್ಡಿಯಂಥ ಯುವಕ, ತಾತನೇ. ಅಷ್ಟು ವಯಸ್ಸಾದವರು, ಆ ಕಾಲದಲ್ಲಿ ಖಾಕಿ ಹಾಕಿದವರು, ಮತ್ತೇನಾಗಿರುತ್ತಾರೆ? ಎಲ್ಲರೂ ಮಿಲಿಟರಿ ತಾತ ಎನ್ನುತ್ತಿದ್ದರು, ಯಾವ ಮಿಲಿಟರಿ ಎಂದು ಯಾರನ್ನೂ ಕೇಳಲಿಲ್ಲ. ಮಕ್ಕಳಿಗೆ ಇತಿಹಾಸ ಪಾಠ ಮಾಡುವ ನಾನೇ ಕೇಳಲಿಲ್ಲ. "ನಮ್ಮಲ್ಲೂ ಇದ್ದಾರಲ್ಲ ಸಾರ್," ಎಂದೆ. ಆಹ್ವಾನ ಪತ್ರಿಕೆ ಅಚ್ಚಾಯಿತು, ಊರಿಗೆಲ್ಲ ಹಂಚಿದ್ದಾಯಿತು. ಶಾಲೆಯ ಅತಿಥಿಗಳ ಪುಸ್ತಕದಲ್ಲೂ ಅವರ ಹೆಸರಿನ ಮುಂದೆ 'ಸ್ವಾತಂತ್ರ್ಯ ಹೋರಾಟಗಾರರು' ಎಂದು ಮುಂಚಿತವಾಗಿಯೇ ಬರೆದು ಸಹಿಗೆ ಜಾಗ ಬಿಟ್ಟಿದ್ದೆ.

ಸಮಾರಂಭದ ಹಿಂದಿನ ದಿನ ತಾತನಿಗೆ ಪತ್ರಿಕೆ ಕೊಡಲು ಮಿಲ್ಲಿಗೆ ಹೋದೆ. ಕನ್ನಡಕ ಮನೆಯಲ್ಲಿದೆ, ನೀನೇ ಓದು ಎಂದರು. ದೊಡ್ಡ ದನಿಯಲ್ಲಿ ಓದಿದೆ. ತಾತ ಮೋಟಾರು ನಿಲ್ಲಿಸಿದರು.

"ಇದು ನಾನಲ್ಲ ಕಣವ್ವ," ಎಂದರು.

ಆಗ ಗೊತ್ತಾಯಿತು, ಅವರು ಬ್ರಿಟಿಷರ ಸೈನ್ಯದಲ್ಲಿದ್ದವರು. ಹಳೇಬೀಡಿನ ಸಂತೆಗೆ ಹೋದರೆ ಆಗೆಲ್ಲ, 'ಎಲ್ಲಿಂದಲೋ ಬಂದ ಬಿಳಿಯರ ಸಿಪಾಯಿ' ಎಂದು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರಂತೆ. ಮಿಲ್ಲು ಹಾಕಿದ ಹೊಸದರಲ್ಲಿ ಎಷ್ಟೋ ಮನೆಯವರು ಆ ಕಡೆ ಸುಳಿದಿರಲಿಲ್ಲವಂತೆ. ಯುದ್ಧದಲ್ಲಿ ಸಿಕ್ಕ ಪದಕಗಳನ್ನು ಟ್ರಂಕಿನ ತಳಕ್ಕೆ ಹಾಕಿದ್ದು ಆಗಲೇ. "ಈಗಿನ ಹುಡುಗ್ರಿಗೆ ಅದೆಲ್ಲ ತಿಳೀದು. ತಿಳಿದ್ರೆ ನನ್ನ ಊರೊಳಗೆ ಇಟ್ಕೊಂತಾರೋ ಇಲ್ವೋ," ಎಂದರು. ಆ ವಯಸ್ಸಿನಲ್ಲೂ ಅವರ ಮುಖದಲ್ಲಿ ಭಯವಿತ್ತು.

ನನಗೆ ನನ್ನ ಚಿಂತೆ. ಹೆಡ್‌ಮೇಷ್ಟ್ರು ಏನನ್ನುತ್ತಾರೆ, ತಾಲ್ಲೂಕು ಆಫೀಸಿನವರ ಮುಂದೆ ನನ್ನ ಮಾನವೇನು... "ಕಾರ್ಡು ಹಂಚಿಬಿಟ್ಟಿದ್ದೀವಿ ತಾತ. ನೀವೇನೂ ಮಾತಾಡಬೇಡಿ, ಸುಮ್ಮನೆ ಕೂತಿದ್ದರೆ ಸಾಕು," ಎಂದೆ. ಆ ಮಾತು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

"ಸುಮ್ನೆ ಕೂತ್ಕೊಂಡ್ರೂ ಸುಳ್ಳೇ ಆಯ್ತದಲ್ಲವ್ವ," ಎಂದರು. ಮೋಟಾರಿನ ಸ್ವಿಚ್ಚಿಗೆ ಕೈ ಹಾಕುತ್ತಾ, "ಬತ್ತೀನಿ ಹೋಗು," ಎಂದರು. ಒಪ್ಪಿದರು ಎಂದುಕೊಂಡು ನಾನು ಹಗುರಾಗಿ ಮನೆಗೆ ಬಂದೆ.

ಮಾರನೆಯ ದಿನ ತಾತ ಬಂದದ್ದು ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮೇಲೆ ಮೂರು ಪದಕ ತೂಗಿಸಿಕೊಂಡು. ಬಣ್ಣ ಮಾಸಿದ ಪಟ್ಟಿ, ಅದರ ಕೆಳಗೆ ಬ್ರಿಟಿಷ್ ದೊರೆಯ ತಲೆ. ಧ್ವಜ ಹಾರಿಸಿದ್ದಾಯಿತು. ಹೆಡ್‌ಮೇಷ್ಟ್ರು ಶಾಲು ಬಿಡಿಸುವಷ್ಟರಲ್ಲಿ ತಾತ ಎದ್ದು ಮೈಕಿನ ಮುಂದೆ ನಿಂತರು.

"ನಾನು ಹೋರಾಟ ಮಾಡಿದೋನಲ್ಲ. ಬ್ರಿಟಿಷರ ಸಿಪಾಯಿ ನಾನು. ಸಿಂಗಾಪುರದಲ್ಲಿ ಜಪಾನಿನೋರ ಕೈಗೆ ಸೆರೆ ಸಿಕ್ಕಿದ್ವಿ. ಅಲ್ಲಿ ನಮ್ಮೋರೇ ಕೆಲವರು, ದೇಶ ಬಿಡಿಸೋಕೆ ಹೊಸ ಸೈನ್ಯ ಕಟ್ತಾ ಇದೀವಿ, ಬನ್ನಿ ಅಂತ ಕರೆದ್ರು. ನನ್ನ ಪಕ್ಕದಲ್ಲಿ ಮಲಗ್ತಿದ್ದೋನು ಹೋದ, ಅವನು ತಿರುಗಿ ಬರ್ಲಿಲ್ಲ. ನಾನು ಹೋಗ್ಲಿಲ್ಲ. ಸೈನ್ಯಕ್ಕೆ ಸೇರೋವಾಗ ಕೊಟ್ಟ ಮಾತು ಅಂತ ಒಂದಿತ್ತು. ಹೆದರಿಕೇನೂ ಇತ್ತು. ಸರೀನೋ ತಪ್ಪೋ ಇವತ್ತಿಗೂ ತಿಳೀದು. ಟೀಚರಮ್ಮಂಗೆ ನಾನು ಮುಂಚೇನೇ ಹೇಳ್ಬೇಕಿತ್ತು, ತಪ್ಪು ನಂದು."

ಹಿಂದೆ ನಿಂತಿದ್ದ ಯುವಕರಲ್ಲಿ ಒಬ್ಬ, "ಹಂಗಾದ್ರೆ ಇವ್ರಿಗೆ ಶಾಲು ಯಾಕೆ?" ಎಂದ. ನಾಲ್ಕೈದು ಜನ ಗುಜುಗುಜು ಎಂದರು. ತಾತ ತಲೆ ತಗ್ಗಿಸಿ ಮೆಟ್ಟಿಲು ಇಳಿಯತೊಡಗಿದರು.

ಹೆಂಗಸರ ಸಾಲಿನಲ್ಲಿದ್ದ ಆ ಯುವಕನ ಅಜ್ಜಿ ಎದ್ದು ನಿಂತಳು. "ಏನ್ಲಾ ಅಂದೆ? ಮಿಲ್ಲು ಬರೋಕೆ ಮುಂಚೆ ಕೋಳಿ ಕೂಗೋ ಹೊತ್ಗೆ ಎದ್ದು ನಾನೂ ನನ್ ಮಗ್ಳು ನಿಮ್ಮತ್ತೇನೂ ಬೀಸೋ ಕಲ್ಲಿಗೆ ಕೂರ್ತಿದ್ವಿ. ಆ ಕಲ್ಲು ತಿರುಗ್ಸೋಕೆ ಇಬ್ರು ಬೇಕು ಕಣ್ಲಾ. ಎಂಟು ವರ್ಸದ ಕೂಸು, ಅಂಗೈ ತುಂಬ ಬೊಬ್ಬೆ. ಮಿಲ್ಲು ಬಂತು, ಅವಳನ್ನ ಇಸ್ಕೂಲಿಗೆ ಕಳಿಸ್ದೆ. ಇವತ್ತು ಅರೇಹಳ್ಳಿ ಕಡೆ ನರ್ಸಾಗವ್ಳೆ. ಶಾಲು ಅದಕ್ಕೆ. ಹೊದಿಸ್ರೀ ಮೇಷ್ಟ್ರೇ."

ಹೆಡ್‌ಮೇಷ್ಟ್ರು ಹೊದಿಸಿದರು. ಮೊದಲು ಚಪ್ಪಾಳೆ ತಟ್ಟಿದ್ದು ಹೆಂಗಸರು, ಆಮೇಲೆ ಮಕ್ಕಳು, ಕೊನೆಗೆ ಆ ಯುವಕನೂ. ನಾನು ಕಂಬದ ಮರೆಗೆ ಹೋಗಿ ಕಣ್ಣೊರೆಸಿಕೊಂಡೆ.

ಮಕ್ಕಳಿಗೆ ಸಿಹಿ ಹಂಚಿ ಮುಗಿಸುವ ಹೊತ್ತಿಗೆ ತಾತ ಆಫೀಸು ಕೋಣೆಗೆ ಬಂದರು. ಅತಿಥಿಗಳ ಪುಸ್ತಕ ತೆಗೆದು ಅವರ ಮುಂದಿಟ್ಟು, ನಾನು ಬರೆದಿದ್ದನ್ನು ತಗ್ಗಿದ ದನಿಯಲ್ಲಿ ಓದಿದೆ.

"ಅದನ್ನ ಹೊಡೆದಾಕವ್ವ."

ಗೆರೆ ಎಳೆದೆ. ಮಾಜಿ ಸೈನಿಕರು ಎಂದು ಬರೆಯಲೇ, ಮಿಲ್ ಮಾಲೀಕರು ಎಂದು ಬರೆಯಲೇ ಎಂದು ಕೇಳಿದೆ. ತಾತ ಕಿಟಕಿಯ ಆಚೆ ಊರಿನ ಕಡೆ ನೋಡಿದರು.

"ಈ ಊರೋನು ಅಂತ ಬರಿ. ಅಷ್ಟು ಸಾಕು."

ಬರೆದೆ. ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿ ಎದ್ದುಹೋದರು.

ಕೆಲವು ವರ್ಷಗಳಾದ ಮೇಲೆ ನನಗೆ ಅರಸೀಕೆರೆಗೆ ವರ್ಗವಾಯಿತು. ಹೋಗಿ ನೋಡಿ ಬರಬೇಕು ಎಂದುಕೊಳ್ಳುತ್ತಲೇ ದಿನ ದೂಡಿದೆ... ಒಂದು ದಿನ ಬಸ್ಸಿನಲ್ಲಿ ಕಾಲೋನಿಯ ಹಳೆಯ ವಿದ್ಯಾರ್ಥಿನಿಯೊಬ್ಬಳು ಪಕ್ಕದಲ್ಲಿ ಬಂದು ಕೂತಳು. ಕಾಲೇಜಿಗೆ ಹೋಗುತ್ತಿದ್ದಳು. ತಾತ ತೀರಿಕೊಂಡರು, ತಿಥಿಯೂ ಆಯಿತು ಎಂದು ಅವಳಿಂದಲೇ ತಿಳಿದದ್ದು. "ಮಣ್ಣು ಎಲ್ಲಿ ಮಾಡಿದ್ರು? ಅವರ ಊರಿಗೆ ತಗೊಂಡು ಹೋದ್ರಾ?" ಎಂದು ಕೇಳಿದೆ.

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಯಾವ ಊರು ಮೇಡಂ? ತಾತ ನಮ್ಮೂರೋರೇ ಅಲ್ವಾ?"

ಆ ಮಾತನ್ನು ತಾತ ಕೇಳಿಸಿಕೊಳ್ಳಲಿಲ್ಲವಲ್ಲ ಎನ್ನುವುದೊಂದೇ ಇವತ್ತಿಗೂ ನನಗುಳಿದಿರುವ ನೋವು.